ಆಡಳಿತ ಶಾಸ್ತ್ರದ ಒಂದು ತ್ರೈಮಾಸಿಕ

ಅಮೆರಿಕಾ ದೇಶದ ಕಾರ್ನೆಲ್ ವಿಶ್ವವಿದ್ಯಾನಿಲಯದಿಂದ 1956ರಲ್ಲಿ ‘ಅಡ್ಮಿನಿಸ್ಟ್ರೇಟಿವ್ ಸೈನ್ಸ್ ಕ್ವಾರ್ಟರ್ಲಿ’ ಎಂಬ ತ್ರೈಮಾಸಿಕವು ಹೊರಡತೊಡಗಿದಾಗ ಅದರ ಸಂಕಲ್ಪವು ಹೆಸರಿನಲ್ಲಿಯೇ ವ್ಯಕ್ತವಾಗಿದ್ದಿತು. ಆಡಳಿತವು ಅನುಭವದಿಂದ ಕರಗತವಾಗುವ ಕಲೆ ಮಾತ್ರವಲ್ಲ, ಶಾಸ್ತ್ರವೂ ಆಗಬಲ್ಲುದು ಎಂಬುದೇ ಆ ಸಂಕಲ್ಪ. ಮೊದಲ ಸಂಪುಟದಲ್ಲಿ ಲಿಚ್‌ಫೀಲ್ಡರು ಕಾರ್ಖಾನೆ, ಆಸ್ಪತ್ರೆ, ವಿದ್ಯಾಶಾಲೆ, ಸೈನ್ಯ ಇವೆಲ್ಲದರ ಆಡಳಿತಕ್ರಮವೂ ಮೂಲತಃ ಒಂದೇ ಎಂದು ಪ್ರತಿಪಾದಿಸಿದರು. ಪ್ರಥಮ ಸಂಪಾದಕರಾದ ಜೇಮ್ಸ್ ಥಾಂಪ್ಸನ್ನರು, ಭೌತಶಾಸ್ತ್ರಕ್ಕೆ ಯಂತ್ರಶಿಲ್ಪವು ಹೇಗೋ, ಜೀವಶಾಸ್ತ್ರಕ್ಕೆ ವೈದ್ಯವು ಹೇಗೋ, ಸಮಾಜಶಾಸ್ತ್ರಗಳಿಗೆ ಆಡಳಿತ ಶಾಸ್ತ್ರವು ಹಾಗೆ ಎಂದರು. ಲಕ್ಷ್ಯವಿನ್ನೂ ಸಂಗ್ರಹವಾಗದಿರುವಾಗಲೇ ಲಕ್ಷಣಗ್ರಂಥಕ್ಕೆ ಕೈಯಿಕ್ಕಿದಂತೆ ಇದು ನಮಗೆ ತೋರದಿರದು.

ಲಕ್ಷ್ಯವು ದೊರೆತ ಮೇಲಾದರೋ ಲಕ್ಷಣವು ಅಲುಗಿತು. 1972ರಲ್ಲಿ ಕೋಹೆನ್, ಮಾರ್ಚ್, ಓಲ್ಸೆನ್ ಎಂಬ ಮೂವರು ವಿಶ್ವವಿದ್ಯಾನಿಲಯಗಳ ನಿರ್ಣಯಪದ್ಧತಿಯನ್ನು ಕಸದ ತೊಟ್ಟಿಗೆ ಹೋಲಿಸಿದರು. ಸಮಸ್ಯೆ ಮೊದಲು, ಪರಿಹಾರ ಆಮೇಲೆ ಎಂಬ ಕ್ರಮವು ಅಲ್ಲಿಲ್ಲ. ಪರಿಹಾರಗಳೇ ತಮಗೊಪ್ಪುವ ಸಮಸ್ಯೆಗಳನ್ನು ಅರಸಿಕೊಂಡು ಅಲೆಯುತ್ತವೆ. (ಅಧ್ಯಾಪಕಸಭೆಗಳಲ್ಲಿ ಕುಳಿತವರಾರೂ ಇದನ್ನು ಅತಿಶಯೋಕ್ತಿಯೆನ್ನಲಾರರು.) ಗಣಕಯಂತ್ರಕ್ಕೆ ಕೊಟ್ಟ ಫೋರ್ಟ್ರಾನ್ ಆದೇಶಮಾಲೆಯನ್ನೂ ಲೇಖನದ ಅನುಬಂಧವಾಗಿ ಅಚ್ಚು ಮಾಡಿಸಿದರು. ಪರೀಕ್ಷಿಸಬಯಸುವವರಿಗೆ ಬಾಗಿಲು ತೆರೆದಿಟ್ಟ ಆ ಪ್ರಾಮಾಣಿಕತೆಯು ಶ್ಲಾಘ್ಯವಾದುದು.

1977ರಲ್ಲಿ ಕಾರ್ಲ್ ವೈಕರು ಸಂಪಾದಕರಾದ ಮೇಲೆ ಪತ್ರಿಕೆಗೆ ಹೊಸ ಕಳೆ ಬಂದಿತು. 1979ರ ಗುಣಾತ್ಮಕ ವಿಧಾನದ ವಿಶೇಷ ಸಂಚಿಕೆಯೇ ಇದರ ಚರಿತ್ರೆಯಲ್ಲಿ ಅತ್ಯುತ್ತಮವಾದುದೆಂದು ನಮ್ಮ ಅಭಿಪ್ರಾಯ. ವ್ಯವಸ್ಥಿತವಾದ ಅಂಕಿಗಳು ತಳಹದಿಯಾಗಬಹುದು, ಆದರೆ ಮೇಲಿನ ಕಟ್ಟಡವು ಏಳುವುದು ಪ್ರತ್ಯಕ್ಷ ವೃತ್ತಾಂತಗಳಿಂದ ಎಂದು ಮಿಂಟ್ಜ್‌ಬರ್ಗರು ಅಲ್ಲಿ ವಾದಿಸಿದ್ದಾರೆ. ಸಾಹಿತ್ಯವಿಮರ್ಶಕರಿಗೆ ಇದು ಅಪರಿಚಿತವಾದ ಮಾತಲ್ಲ.

1995ರಲ್ಲಿ ಸಟನ್, ಸ್ಟಾ ಇಬ್ಬರೂ ಸಿದ್ಧಾಂತವು ಯಾವುದಲ್ಲವೆಂದು ನಿರೂಪಿಸಿದರು: ಪೂರ್ವಗ್ರಂಥೋಲ್ಲೇಖ, ದತ್ತಾಂಶ, ಚರಗಳ ಪಟ್ಟಿ, ರೇಖಾಚಿತ್ರ, ಊಹೆ ಇವು ಸಿದ್ಧಾಂತವಲ್ಲ. ನಿಷೇಧವು ಸರಿಯೆ. ಆದರೆ ಸಿದ್ಧಾಂತದ ಹಟವು ಅತಿಯಾಗಿ, ಒಳ್ಳೆಯ ದತ್ತಾಂಶವುಳ್ಳ ಲೇಖನಗಳಿಗೆ ಎಡೆಯಿಲ್ಲದಾದೀತೆಂಬ ಆತಂಕವೂ ಅದೇ ಲೇಖನದ ಉತ್ತರಾರ್ಧದಲ್ಲಿದೆ. ಅದನ್ನು ಪಠ್ಯವಾಗಿ ಬೋಧಿಸುವವರು ಕೊನೆಯವರೆಗೂ ಓದಿಸಬೇಕು.

ಆ ಆತಂಕವು ನಿರಾಧಾರವಾಗಿರಲಿಲ್ಲ. 2015ರಲ್ಲಿ ಸಂಪಾದಕ ಜೆರಾಲ್ಡ್ ಡೇವಿಸರು, ಈ ಸಂಶೋಧನೆಯೆಲ್ಲವೂ ಯಾವುದಕ್ಕಾಗಿ ಎಂದು ತಮ್ಮ ಪತ್ರಿಕೆಯಲ್ಲಿಯೇ ಕೇಳಿದರು. ವೃತ್ತಿಯ ಪುರಸ್ಕಾರಗಳು ಸತ್ಯಕ್ಕಿಂತ ನೂತನತೆಯನ್ನು ಪೋಷಿಸುತ್ತಿರಬಹುದೆಂದರು. ಥಾಂಪ್ಸನ್ನರ ಉಪಮಾನವು ಇಲ್ಲಿ ಮತ್ತೆ ನೆನಪಾಗುತ್ತದೆ. ಯಂತ್ರಶಿಲ್ಪಿಯ ಸೇತುವೆ ನಿಂತಿತೇ ಬಿದ್ದಿತೇ ಎಂಬುದನ್ನು ದಾಟುವವನು ಬಲ್ಲನು. ಈ ತ್ರೈಮಾಸಿಕದ ಲೇಖನವನ್ನು ಪರೀಕ್ಷಿಸುವವರಾದರೋ ಬಹುಮಟ್ಟಿಗೆ ಅದಕ್ಕೆ ಲೇಖನ ಬರೆಯುವವರೇ.