ಬಾಲಬೋಧೆಯೊಳಗಿಲ್ಲದ ಮಗು: ಟೋನಿ ಮಾರಿಸನ್ನರ ‘ದ ಬ್ಲೂಯೆಸ್ಟ್ ಐ’

ಮಗುವಿನ ಕೈಗೆ ಬರುವ ಮೊದಲನೆಯ ಪುಸ್ತಕವು ಅಕ್ಷರದ ಜೊತೆಗೆ ಇನ್ನೂ ಎಷ್ಟನ್ನೋ ಕಲಿಸುತ್ತದೆ. ಮನೆಯೆಂದರೆ ಹೇಗಿರಬೇಕು, ತಾಯಿಯೆಂದರೆ ಎಂಥವಳು, ಚೆಲುವೆಂದರೆ ಯಾವುದು ಎಂಬುದನ್ನೆಲ್ಲ ಅದು ಚಿತ್ರಸಹಿತವಾಗಿ, ಮಗುವಿಗೆ ಅರಿವಾಗದಂತೆಯೇ ಹೇಳಿಕೊಡುತ್ತದೆ. ಬಾಲಬೋಧೆಯನ್ನು ದಿನವೂ ಕೈಯಲ್ಲಿ ಹಿಡಿಯುವ ಉಪಾಧ್ಯಾಯವರ್ಗಕ್ಕೆ ಈ ಮಾತು ಹೊಸದಲ್ಲ. ಆದರೆ ಆ ಚಿತ್ರಗಳಲ್ಲಿ ತನ್ನನ್ನಾಗಲಿ ತನ್ನವರನ್ನಾಗಲಿ ಎಲ್ಲಿಯೂ ಕಾಣದ ಮಗುವಿನ ಗತಿಯೇನು? ಈ ಪ್ರಶ್ನೆಯನ್ನೇ ಅಡಿಗಲ್ಲಾಗಿಸಿಕೊಂಡು ನಿಂತಿರುವ ಕೃತಿ ಅಮೆರಿಕದ ಲೇಖಕಿ ಟೋನಿ ಮಾರಿಸನ್ನರ ಮೊದಲನೆಯ ಕಾದಂಬರಿಯಾದ ‘ದ ಬ್ಲೂಯೆಸ್ಟ್ ಐ’. ಎಲ್ಲಕ್ಕಿಂತ ನೀಲಿಯಾದ ಕಣ್ಣು ಎಂಬುದು ಈ ಹೆಸರಿನ ಅರ್ಥ. ಅದು ಪ್ರಕಟವಾದುದು 1970ರಲ್ಲಿ.

ಮಾರಿಸನ್ನರು ಹುಟ್ಟಿದ್ದು 1931ರಲ್ಲಿ, ಒಹಾಯೊ ರಾಜ್ಯದ ಲೊರೇನ್ ಎಂಬ, ಈರಿ ಸರೋವರದ ದಡದಲ್ಲಿರುವ ಉಕ್ಕಿನ ಕಾರ್ಖಾನೆಯ ಊರಿನಲ್ಲಿ. 1993ರಲ್ಲಿ ಸಾಹಿತ್ಯಕ್ಕಾಗಿ ನೊಬೆಲ್ ಪಾರಿತೋಷಕವನ್ನು ಪಡೆದ ಅವರು ಆ ಗೌರವಕ್ಕೆ ಪಾತ್ರರಾದ ಪ್ರಪ್ರಥಮ ಕಪ್ಪು ಮಹಿಳೆ. 2019ರಲ್ಲಿ ಅವರು ನಿಧನರಾದರು. ನೀಲಿ ಕಣ್ಣುಗಳನ್ನು ಬಯಸಿದ ಬಾಲ್ಯದ ಸಹಪಾಠಿಯೊಬ್ಬಳ ನೆನಪೇ ಈ ಕೃತಿಗೆ ಬೀಜವಾಯಿತೆಂದು ಅವರೇ ಹೇಳಿದ್ದಾರೆ. ಕಥೆ ನಡೆಯುವುದೂ ಅದೇ ಲೊರೇನಿನಲ್ಲಿ, 1940–41ರ ಅವಧಿಯಲ್ಲಿ.

ಕಥಾವಸ್ತು ಸಂಕ್ಷೇಪವಾಗಿ ಹೀಗಿದೆ. ಪೆಕೋಲ ಬ್ರೀಡ್‌ಲವ್ ಹನ್ನೊಂದು ವರ್ಷದ ಕಪ್ಪು ಹುಡುಗಿ. ದಕ್ಷಿಣದ ರಾಜ್ಯಗಳಿಂದ ದುಡಿಮೆಯನ್ನರಸಿ ಬಂದ ಅವಳ ತಂದೆತಾಯಿಗಳು ಪಾಳುಬಿದ್ದ ಅಂಗಡಿಯೊಂದರಲ್ಲಿ ವಾಸವಾಗಿದ್ದಾರೆ. ಮನೆಯೊಳಗೆ ಹೊಡೆದಾಟ, ಹೊರಗೆ ತಿರಸ್ಕಾರ. ತನ್ನ ಕಣ್ಣುಗಳು ನೀಲಿಯಾಗಿದ್ದರೆ ಇವೆಲ್ಲ ಬದಲಾಗುತ್ತಿದ್ದುವೆಂದು ನಂಬಿದ ಅವಳು ರಾತ್ರಿ ರಾತ್ರಿಯೂ ದೇವರಲ್ಲಿ ಮೊರೆಯಿಡುತ್ತಾಳೆ. ಕೊನೆಗೆ ಹೆತ್ತ ತಂದೆಯಿಂದಲೇ ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾಗುತ್ತಾಳೆ, ಕೂಸು ಉಳಿಯುವುದಿಲ್ಲ. ಬುದ್ಧಿಭ್ರಮಣೆಗೊಂಡ ಅವಳು ತನಗೆ ನೀಲಿ ಕಣ್ಣುಗಳು ಲಭಿಸಿವೆಯೆಂದು ನಂಬಿ ಉಳಿದ ಬಾಳನ್ನು ಕಳೆಯುತ್ತಾಳೆ.

ಇಂಥ ದಾರುಣ ವಸ್ತುವಿಗೆ ಲೇಖಕಿ ಆರಿಸಿಕೊಂಡ ಮುನ್ನುಡಿ ಯಾವುದು? ಒಂದು ಬಾಲಬೋಧೆಯ ಪಾಠ! ಅಮೆರಿಕದ ಶಾಲೆಗಳಲ್ಲಿ 1930ರಿಂದ ದಶಕಗಳ ಕಾಲ ಬಳಕೆಯಲ್ಲಿದ್ದ ಡಿಕ್ ಮತ್ತು ಜೇನ್ ಎಂಬ ಮಕ್ಕಳ ಪಾಠಮಾಲೆಯ ಮಾದರಿಯದು. ಅಚ್ಚುಕಟ್ಟಾದ ಮನೆ, ನಗುವ ತಂದೆ, ಒಲಿದ ತಾಯಿ, ಬೆಕ್ಕು, ನಾಯಿ, ಆಟಕ್ಕೊಬ್ಬ ಗೆಳತಿ. ಆ ಮಾಲೆಯಲ್ಲಿ ಕಪ್ಪು ಕುಟುಂಬವೊಂದಕ್ಕೆ ಸ್ಥಾನ ದೊರೆತದ್ದು 1965ರಲ್ಲಿ. ಮಾರಿಸನ್ನರು ಈ ಪಾಠವನ್ನು ಮೂರು ಸಲ ಅಚ್ಚು ಮಾಡಿಸಿದ್ದಾರೆ. ಮೊದಲು ಸರಿಯಾದ ಕ್ರಮದಲ್ಲಿ. ಅನಂತರ ವಿರಾಮಚಿಹ್ನೆಗಳನ್ನು ಕಳೆದು. ಮೂರನೆಯ ಸಲ ಪದಪದಗಳ ನಡುವಣ ತೆರಪನ್ನೂ ಅಳಿಸಿ. ಇದು ಕೇವಲ ಚಮತ್ಕಾರವೆಂದು ಕೆಲವರಿಗೆ ತೋರಬಹುದು. ಆದರೆ ಅರ್ಥವರಿಯದೆ ಪಾಠ ಒಪ್ಪಿಸುವ ಮಗುವಿನ ಧ್ವನಿಯನ್ನು ಕೇಳಿ ಬಲ್ಲ ನಮಗೆ ಅದರ ಔಚಿತ್ಯ ಕೂಡಲೇ ಹೊಳೆಯುತ್ತದೆ. ಬಾಯಿಪಾಠವು ಬಲಿತಂತೆ ನಿಲುಗಡೆ ಹೋಗುತ್ತದೆ, ಪದ ಹೋಗುತ್ತದೆ, ಅರ್ಥವೂ ಹೋಗುತ್ತದೆ. ಉಳಿಯುವುದು ಬರಿಯ ನಾದ. ಪೆಕೋಲಳ ತಲೆಯೊಳಗೆ ಬಿಳಿಯರ ಮನೆಯ ಚಿತ್ರವು ನೆಲೆಸಿರುವುದು ಹಾಗೆಯೇ. ಪ್ರಶ್ನಿಸಲು ಅರ್ಥವೇ ಉಳಿಯದ ಮೇಲೆ ಅದು ಆಜ್ಞೆಯಾಗಿಬಿಡುತ್ತದೆ.

ಮುಂದೆ ಬ್ರೀಡ್‌ಲವ್ ಮನೆತನದ ಕಥೆ ಹೇಳುವ ಅಧ್ಯಾಯಗಳ ತಲೆಯ ಮೇಲೆ ಈ ಒತ್ತಿಹೋದ ಸಾಲುಗಳೇ ಕುಳಿತಿವೆ. ಮನೆಯ ಸಾಲಿನ ಕೆಳಗೆ ಪಾಳು ಅಂಗಡಿ. ತಾಯಿಯ ಸಾಲಿನ ಕೆಳಗೆ ತಾಯಿ ಪಾಲೀನಳ ಬಾಳು. ತಂದೆಯ ಸಾಲಿನ ಕೆಳಗೆ ಚಾಲಿಯ ಪತನ. ಪಾಲೀನಳು ಬಿಳಿಯ ಒಡೆಯರ ಮನೆಯಲ್ಲಿ ಕೆಲಸದಾಳು. ಆ ಅಡಿಗೆಮನೆಯಲ್ಲಿ ಪೆಕೋಲಳ ಕೈತಪ್ಪಿ ಬಿಸಿಯಾದ ಹಣ್ಣಿನ ತಿನಿಸು ನೆಲಕ್ಕುರುಳಿ ಅವಳ ಕಾಲು ಸುಡುತ್ತದೆ. ತಾಯಿ ಹೊಡೆಯುವುದು ಸ್ವಂತ ಮಗಳನ್ನು, ಸಂತೈಸುವುದು ಒಡೆಯರ ಮಗಳನ್ನು. ಆ ಪುಟ್ಟ ಹುಡುಗಿ ಅವಳನ್ನು ಸಲಿಗೆಯ ಹೆಸರಿನಿಂದ ಕರೆಯುತ್ತಾಳೆ. ಹೆತ್ತ ಮಗಳಾದ ಪೆಕೋಲಳೋ ಅವಳನ್ನು ‘ಮಿಸೆಸ್ ಬ್ರೀಡ್‌ಲವ್’ ಎಂದೇ ಕರೆಯಬೇಕು. ಬಾಲಬೋಧೆಯ ತಾಯಿ ಪಾಲೀನಳಲ್ಲಿಯೂ ಇದ್ದಾಳೆ, ಆದರೆ ಅವಳು ಒದಗುವುದು ಪರರ ಮಗುವಿಗೆ.

ಇನ್ನೊಂದಂಶವು ಉಪಾಧ್ಯಾಯರ ಗಮನಕ್ಕೆ ವಿಶೇಷವಾಗಿ ಬರಬೇಕು. ಈ ಕಥೆಯ ಶಾಲೆಯಲ್ಲಿ ಕಪ್ಪು ಬಿಳಿ ಮಕ್ಕಳು ಒಂದೇ ಕೊಠಡಿಯಲ್ಲಿ ಓದುತ್ತಾರೆ. ದಕ್ಷಿಣದ ರಾಜ್ಯಗಳಲ್ಲಿ ಮಕ್ಕಳನ್ನು ಬಣ್ಣದ ಮೇಲೆ ಬೇರೆ ಬೇರೆ ಶಾಲೆಗಳಿಗೆ ಹಂಚುತ್ತಿದ್ದ ಕಾನೂನು ಅಸಿಂಧುವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತದ್ದು 1954ರಲ್ಲಿ. ಉತ್ತರದ ಲೊರೇನಿನ ಈ ಶಾಲೆಯಲ್ಲಿ ಅಂಥ ಗೋಡೆ ಮೊದಲೇ ಇಲ್ಲ. ಆದರೂ ಇಬ್ಬರು ಕೂರುವ ಬೆಂಚಿನಲ್ಲಿ ಪೆಕೋಲ ಒಬ್ಬಳೇ ಕೂರುತ್ತಾಳೆ. ಉಪಾಧ್ಯಾಯರು ಅವಳತ್ತ ದೃಷ್ಟಿ ಹಾಯಿಸುವುದಿಲ್ಲ; ಎಲ್ಲರೂ ಉತ್ತರಿಸಲೇಬೇಕಾದಾಗ ಮಾತ್ರ ಅವಳ ಸರದಿ ಬರುತ್ತದೆ. ಮಿಠಾಯಿ ಕೊಳ್ಳಲು ಹೋದರೆ, ವಲಸೆ ಬಂದ ಅಂಗಡಿಕಾರನ ಕಣ್ಣೂ ಅವಳ ಮೇಲೆ ನಿಲ್ಲದು. ಅವಳು ಮೂರು ಪೆನ್ನಿ ಕೊಟ್ಟು ತಂದ ಮಿಠಾಯಿಯ ಕಾಗದದ ಮೇಲೆ ನೀಲಿ ಕಣ್ಣಿನ ಹುಡುಗಿಯ ಚಿತ್ರವಿದೆ. ಮಿಠಾಯಿಯನ್ನು ತಿನ್ನುವಾಗ ಆ ಕಣ್ಣುಗಳನ್ನೇ ತಿಂದಂತೆ ಅವಳಿಗೆ ತೃಪ್ತಿ. ಕಾನೂನಿಗೆ ನಿಲುಕದ ಭೇದವು ನೋಟದಲ್ಲಿ ಹೇಗೆ ಮನೆಮಾಡಿರುತ್ತದೆಂಬುದನ್ನು ಇಷ್ಟು ಸಣ್ಣ ಸಂಗತಿಗಳಿಂದ ಮನಗಾಣಿಸಿರುವುದು ಲೇಖಕಿಯ ಸಾಮರ್ಥ್ಯ.

ಇದು ಕಲ್ಪನೆಯ ಅತಿಶಯವೆನ್ನುವಂತಿಲ್ಲ. ಕೆನೆತ್ ಕ್ಲಾರ್ಕ್, ಮೇಮಿ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞ ದಂಪತಿಗಳು 1940ರ ದಶಕದಲ್ಲಿ ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ, ಬಣ್ಣವೊಂದನ್ನುಳಿದು ಬೇರೆ ವ್ಯತ್ಯಾಸವಿಲ್ಲದ ಗೊಂಬೆಗಳನ್ನಿರಿಸಿ ಪರೀಕ್ಷಿಸಿದರು. ಹೆಚ್ಚಿನ ಮಕ್ಕಳು ಒಳ್ಳೆಯದೆಂದು ತೋರಿಸಿದ್ದು ಬಿಳಿಯ ಗೊಂಬೆಯನ್ನೇ. ಕಾದಂಬರಿಯಲ್ಲಿಯೂ ಗೊಂಬೆಯುಂಟು. ಕಥೆ ಹೇಳುವ ಒಂಬತ್ತು ವರ್ಷದ ಕ್ಲಾಡಿಯ ಅದನ್ನು ಮುದ್ದಿಸದೆ, ಅದರೊಳಗೆ ಲೋಕವೆಲ್ಲ ಮೆಚ್ಚುವಂಥದು ಏನಿದೆಯೆಂದು ಕಿತ್ತು ನೋಡುತ್ತಾಳೆ. ಅವಳ ಮನೆಯಲ್ಲಿಯೂ ಬಡತನವುಂಟು. ತಾಯಿಯ ಬಾಯಿ ಬಿರುಸು. ಆದರೆ ಕಾಯಿಲೆಯ ರಾತ್ರಿ ಎದೆಗೆ ಔಷಧ ತಿಕ್ಕಿ ಹೊದಿಕೆ ಸರಿಪಡಿಸುವ ಕೈಗಳುಂಟು. ಕ್ಲಾಡಿಯಳ ಅಧ್ಯಾಯಗಳ ತಲೆಯ ಮೇಲೆ ಬಾಲಬೋಧೆಯ ಸಾಲುಗಳಿಲ್ಲ, ಋತುಗಳ ಹೆಸರುಗಳಿವೆ. ಪ್ರೀತಿ ದೊರೆತ ಮಗುವಿಗೆ ಪುಸ್ತಕದ ಸುಳ್ಳನ್ನು ಸೀಳುವ ಧೈರ್ಯ ಬರುತ್ತದೆಂಬುದು ಈ ರಚನೆಯಿಂದಲೇ ಧ್ವನಿತವಾಗಿದೆ.

ಕೃತಿಯಲ್ಲಿ ದೋಷಗಳಿಲ್ಲವೆಂದಲ್ಲ. ನೀಲಿ ಕಣ್ಣು ಕೊಡುವೆನೆಂದು ಪೆಕೋಲಳನ್ನು ವಂಚಿಸುವ ಸೋಪ್‌ಹೆಡ್ ಚರ್ಚ್ ಎಂಬವನು ದೇವರಿಗೆ ಬರೆಯುವ ಕಾಗದವು ಕಥೆಯ ಬಿಗಿಯನ್ನು ಸಡಿಲಿಸಿದೆ. ಪೆಕೋಲಳ ಸ್ವಂತ ಧ್ವನಿ ನಮಗೆ ನಿಡಿದಾಗಿ ಕೇಳಿಸುವುದು ಅವಳು ಮತಿಗೆಟ್ಟ ಮೇಲೆ. ಅಲ್ಲಿಯವರೆಗೆ ಅವಳನ್ನು ಇತರರ ಮಾತಿನಿಂದಲೇ ಅರಿಯಬೇಕಾದುದರಿಂದ ಓದುಗನಿಗೆ ಅವಳ ಮೇಲೆ ಮರುಕ ಹುಟ್ಟುವಷ್ಟು ಪರಿಚಯ ಹುಟ್ಟದು. ಓದುಗರು ಮರುಗುವುದರಲ್ಲಿಯೇ ನಿಂತು ತಮ್ಮನ್ನು ತಾವು ಪ್ರಶ್ನಿಸಿಕೊಳ್ಳದೆ ಹೋದರೆಂದು ಲೇಖಕಿಯೇ ಮುಂದೆ ಬರೆದುದುಂಟು. ತಂದೆಯ ಪೂರ್ವವೃತ್ತವನ್ನು ವಿವರಿಸಿಯೂ ಅವನ ಪಾಪವನ್ನು ಮನ್ನಿಸದಿರುವ ಸಂಯಮವಂತೂ ಮೆಚ್ಚತಕ್ಕದ್ದು. ವಸ್ತುವಿನ ಕಾರಣದಿಂದ ಅಮೆರಿಕದ ಕೆಲವು ಶಾಲೆಗಳು ಈ ಪುಸ್ತಕವನ್ನು ದೂರವಿರಿಸಿವೆ. ಇದು ಎಳೆಯರ ಕೈಗಿಡುವ ಪುಸ್ತಕವಲ್ಲವೆಂದು ನಾವೂ ಒಪ್ಪುತ್ತೇವೆ. ಎಳೆಯರಿಗೆ ಕಲಿಸುವವರು ಓದಲೇಬೇಕಾದ ಪುಸ್ತಕವಿದು.

ಗಡಿನಾಡಿನ ಕನ್ನಡ ಶಾಲೆಗಳ ಸಂಕಟವನ್ನು ಗುಲಾಮಗಿರಿಯ ಚರಿತ್ರೆಯುಳ್ಳ ಜನರ ಸಂಕಟದೊಡನೆ ಸರಿದೂಗಿಸುವುದು ಯುಕ್ತವಲ್ಲ. ಆದರೂ ಪುಸ್ತಕದ ಊರೊಂದು, ಮಗುವಿನ ಊರೊಂದು ಎಂಬುದನ್ನು ನಾವು ಬಲ್ಲೆವು. ಮೈಬಣ್ಣ ಕಪ್ಪಾದ ಹುಡುಗಿಯನ್ನು ಶಾಲೆಯ ನಾಟಕದಲ್ಲಿ ದಾಸಿಯ ಪಾತ್ರಕ್ಕೇ ಆರಿಸುವ ವಾಡಿಕೆ ನಮ್ಮಲ್ಲಿಲ್ಲವೆ? ಚೆಂಡುಹೂವಿನ ಬೀಜ ಬಿತ್ತಿದ ಕ್ಲಾಡಿಯ ಮತ್ತು ಅವಳ ಅಕ್ಕ, ಆ ವರ್ಷ ಗಿಡ ಮೇಲೇಳದಿದ್ದುದಕ್ಕೆ ಮೊದಲು ತಮ್ಮನ್ನೇ ಹಳಿದುಕೊಂಡರು. ತಪ್ಪು ನೆಲದ್ದೆಂದು ಕ್ಲಾಡಿಯಳಿಗೆ ತಿಳಿದಾಗ ಪೆಕೋಲಳ ಪಾಲಿಗೆ ಕಾಲ ಮಿಂಚಿತ್ತು. ತರಗತಿಯ ನೆಲವನ್ನು ಹದಮಾಡುವ ಕೆಲಸ ನಮ್ಮದು. ಒಂಟಿ ಬೆಂಚಿನ ಮಗುವಿನತ್ತ ನೋಡಿ, ಅದರ ಹೆಸರು ಹಿಡಿದು ಕರೆದು ಮೊದಲನೆಯ ಪ್ರಶ್ನೆಯನ್ನು ಕೇಳಲು ಇಲಾಖೆಯ ಅಪ್ಪಣೆ ಬೇಕಾಗಿಲ್ಲ.