ಪ್ರತಿಧ್ವನಿಯನ್ನು ಓದುವುದು

ಅಲ್ಟ್ರಾಸೌಂಡ್ ಬಗ್ಗೆ ಕನ್ನಡದಲ್ಲಿ ಬರೆಯುವಾಗ ನಮಗೆ ಥಟ್ಟನೆ ಒದಗುವ ರೂಪಕಗಳೆಲ್ಲ ಕಣ್ಣಿನವು. ದೇಹದೊಳಗೆ ಇಣುಕುವ ಕಣ್ಣು, ಗರ್ಭಕ್ಕೆ ಹಿಡಿದ ಕನ್ನಡಿ, ಮಗುವಿನ ಮೊದಲ ಫೋಟೋ. ಕನ್ನಡದ ವಿಜ್ಞಾನ ಬರಹದ ಭಾಷೆಯನ್ನೇ ಸಂಶೋಧನೆಗೆ ಎತ್ತಿಕೊಂಡಿರುವ ನನಗೆ ಈ ರೂಪಕಗಳ ಬಗ್ಗೆ ತಕರಾರಿದೆ. ಫೋಟೋ ಎಂದೊಡನೆ ನಾವು ಓದುವುದನ್ನು ಬಿಟ್ಟು ನಂಬಲು ಶುರುಮಾಡುತ್ತೇವೆ. ಸ್ಕ್ಯಾನಿಂಗ್ ಚಿತ್ರವಾದರೋ ಓದಲೇಬೇಕಾದ ಪಠ್ಯ. ಹೀಗೆನ್ನಲು ಆಧಾರ ಅದರ ಭೌತಶಾಸ್ತ್ರದಲ್ಲೇ ಇದೆ.

ಹೊಟ್ಟೆಯ ಮೇಲೆ ಆಡಿಸುವ ಸಾಧನವನ್ನು ಆಸ್ಪತ್ರೆಯಲ್ಲಿ ಪ್ರೋಬ್ ಎನ್ನುತ್ತಾರೆ; ಭೌತಶಾಸ್ತ್ರದ ಹೆಸರು ಟ್ರಾನ್ಸ್‌ಡ್ಯೂಸರ್. ಅದರೊಳಗೆ ಸಾಮಾನ್ಯವಾಗಿ ಲೆಡ್ ಜಿರ್ಕೋನೇಟ್ ಟೈಟನೇಟ್ ಎಂಬ ಸೆರಾಮಿಕ್ಕಿನ ತೆಳು ತುಣುಕುಗಳ ಸಾಲಿರುತ್ತದೆ. ವಿದ್ಯುತ್ ಕೊಟ್ಟರೆ ತುಣುಕು ಕಂಪಿಸಿ ಶಬ್ದ ಹೊರಡಿಸುತ್ತದೆ. ಮರಳಿ ಬಂದ ಶಬ್ದ ಅದನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ. ಒತ್ತಿದಾಗ ವಿದ್ಯುತ್ ಹುಟ್ಟುವ ಈ ಗುಣವನ್ನು ಕೆಲವು ಹರಳುಗಳಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು 1880ರಲ್ಲಿ ಕಂಡುಕೊಂಡರು. ಹೀಗೆ ಒಂದೇ ವಸ್ತು ಬಾಯಿಯೂ ಹೌದು, ಕಿವಿಯೂ ಹೌದು. ಚಿತ್ರ ತೆಗೆಯುವಾಗ ಬಾಯಿಯ ಕೆಲಸ ಒಟ್ಟು ಸಮಯದಲ್ಲಿ ಶೇ. 1ರಷ್ಟೂ ಇಲ್ಲ. ಉಳಿದದ್ದೆಲ್ಲ ಕೇಳಿಸಿಕೊಳ್ಳುವುದೇ. ನಮ್ಮ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಶಬ್ದ ಕೇಳುತ್ತದೆ. ಹೊಟ್ಟೆಯ ಸ್ಕ್ಯಾನಿಗೆ ಬಳಸುವುದು 20ರಿಂದ 50 ಲಕ್ಷ ಹರ್ಟ್ಸ್‌ನ ಶಬ್ದ. 'ಶ್ರವಣಾತೀತ' ಎಂಬ ನಮ್ಮ ಪಾರಿಭಾಷಿಕ ಪದ ಬಾಯಿಗೆ ಭಾರವಾದರೂ, ಇದು ಶ್ರವಣದ ಸಂಗತಿ ಎಂಬುದನ್ನಾದರೂ ಮರೆಸುವುದಿಲ್ಲ.

ಕೇಳಿದ್ದು ಚಿತ್ರವಾಗುವುದು ಲೆಕ್ಕಾಚಾರದಿಂದ. ಮೃದು ಅಂಗಾಂಶದಲ್ಲಿ ಶಬ್ದ ಸೆಕೆಂಡಿಗೆ 1540 ಮೀಟರ್ ಸಾಗುತ್ತದೆಂದು ಯಂತ್ರ ಮೊದಲೇ ಒಪ್ಪಿಕೊಂಡಿರುತ್ತದೆ. ಪ್ರತಿಧ್ವನಿ 13 ಮೈಕ್ರೋಸೆಕೆಂಡಿನಲ್ಲಿ ಮರಳಿದರೆ ಅದು 1 ಸೆಂ.ಮೀ. ಆಳದಿಂದ ಬಂತು ಎಂದು ಅಲ್ಲೊಂದು ಚುಕ್ಕಿ ಇಡುತ್ತದೆ. ಕೊಬ್ಬಿನಲ್ಲಿ ಶಬ್ದದ ವೇಗ ಸುಮಾರು 1450 ಮೀಟರ್ ಮಾತ್ರ. ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಶಬ್ದ ನೆಟ್ಟಗೆ ಹೋಗಿ, ಒಂದೇ ಸಲ ಬಡಿದು, ನೆಟ್ಟಗೆ ಮರಳಿತೆಂದೂ ಅದು ನಂಬಿರುತ್ತದೆ. ಈ ನಂಬಿಕೆ ತಪ್ಪಿದರೆ ಇಲ್ಲದ್ದು ಕಾಣಿಸುತ್ತದೆ. ವಪೆ ಕನ್ನಡಿಯಂತೆ ವರ್ತಿಸಿ, ಅದರ ಕೆಳಗಿರುವ ಯಕೃತ್ತಿನ ಇನ್ನೊಂದು ಪ್ರತಿಯನ್ನು ಶ್ವಾಸಕೋಶದ ಜಾಗದಲ್ಲಿ ತೋರಿಸುವುದುಂಟು.

ಇನ್ನು ಪರದೆಯ ಕಪ್ಪು ಬಿಳುಪು. ಪ್ರತಿಧ್ವನಿ ಹುಟ್ಟುವುದು ಒಂದು ಅಂಗಾಂಶಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸದಿಂದ. ಸಸ್ಯೂರ್‌ನನ್ನು ಓದಿದವರಿಗೆ ಈ ಮಾತು ಹೊಸತಲ್ಲ. ವ್ಯತ್ಯಾಸ ವಿಪರೀತವಾದರೆ ಮುಂದಿನದೆಲ್ಲ ಕೇಳದಾಗುತ್ತದೆ. ಗಾಳಿಗೆ ಬಡಿದ ಶಬ್ದದಲ್ಲಿ ಶೇ. 99ಕ್ಕೂ ಹೆಚ್ಚು ಭಾಗ ಹಿಂದಿರುಗಿಬಿಡುತ್ತದೆ. ಚರ್ಮಕ್ಕೂ ಪ್ರೋಬ್‌ಗೂ ನಡುವೆ ತಣ್ಣನೆಯ ಜೆಲ್ ಹಚ್ಚುವುದು ಆ ಗಾಳಿಯನ್ನು ಹೊರಗಿಡಲಿಕ್ಕೆ. ಆಳದಿಂದ ಬಂದ ಕ್ಷೀಣ ದನಿಗಳನ್ನು ಯಂತ್ರ ಹೆಚ್ಚಿಸಿ ತೋರಿಸುತ್ತದೆ. ಎಂದರೆ ಚಿತ್ರ ಪರದೆಗೆ ಬರುವ ಮೊದಲೇ ಒಂದು ಸುತ್ತು ಸಂಪಾದನೆ ಮುಗಿದಿರುತ್ತದೆ. ಸೂಕ್ಷ್ಮ ವಿವರ ಬೇಕಾದರೆ ಆವರ್ತನ ಹೆಚ್ಚಿಸಬೇಕು, ಹೆಚ್ಚಿಸಿದರೆ ಶಬ್ದ ಬೇಗ ಸೊರಗುತ್ತದೆ. ಆಳವನ್ನೂ ವಿವರವನ್ನೂ ಒಟ್ಟಿಗೇ ಪೂರ್ತಿಯಾಗಿ ಪಡೆಯುವ ಪ್ರೋಬ್ ಇಲ್ಲ.

ಇಷ್ಟೆಲ್ಲ ಊಹೆಗಳ ಮೇಲೆ ನಿಂತ ಚಿತ್ರ ಜೀವ ಉಳಿಸಿದ್ದು ಹೇಗೆ? ಗ್ಲಾಸ್ಗೋದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್ 1955ರಲ್ಲಿ ಲೋಹದ ಬಿರುಕು ಹುಡುಕುವ ಯಂತ್ರವನ್ನು ಆಪರೇಷನ್‌ನಲ್ಲಿ ತೆಗೆದ ಗೆಡ್ಡೆಗಳ ಮೇಲೆ ಪ್ರಯೋಗಿಸಿದ. ಮುಂದೆ ಜಾನ್ ಮ್ಯಾಕ್‌ವಿಕರ್ ಮತ್ತು ಎಂಜಿನಿಯರ್ ಟಾಮ್ ಬ್ರೌನ್ ಜೊತೆ 1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದ. ಆ ವರ್ಷಗಳಲ್ಲಿ, ವಾಸಿಯಾಗದ ಕ್ಯಾನ್ಸರ್ ಎಂದು ಕೈಬಿಡಲಾಗಿದ್ದ ಮಹಿಳೆಯೊಬ್ಬರ ಹೊಟ್ಟೆಯಲ್ಲಿದ್ದದ್ದು ದ್ರವ ತುಂಬಿದ ದೊಡ್ಡ ಅಂಡಾಶಯದ ಸಿಸ್ಟ್ ಎಂದು ಪ್ರತಿಧ್ವನಿಯಿಂದ ತಿಳಿಯಿತು. ಅದನ್ನು ತೆಗೆದರು, ಆಕೆ ಬದುಕಿದರು. ದ್ರವದೊಳಗಿಂದ ಪ್ರತಿಧ್ವನಿ ಬರುವುದಿಲ್ಲ. ಅಲ್ಲಿನ ಮೌನಕ್ಕೊಂದು ಅರ್ಥವಿದೆ ಎಂದು ಓದಬಲ್ಲವರು ಎದುರಿಗಿದ್ದರು.

ಧ್ವನಿ ಎಂದ ಕೂಡಲೇ ಆನಂದವರ್ಧನನನ್ನು ಕರೆತರುವ ಆಸೆ ಸಾಹಿತ್ಯದ ವಿದ್ಯಾರ್ಥಿಗೆ ಸಹಜ. ನಾನು ಅದಕ್ಕೆ ಹಿಂಜರಿಯುತ್ತೇನೆ. ಅವನ ಧ್ವನಿ ಸಹೃದಯನ ಅನುಭವ, ಇದು ಅಳತೆ. ಹೋಲುವುದು ಒಂದೇ ಅಂಶ: ಓದುವವರಿಲ್ಲದೆ ಎರಡೂ ಕಡೆ ಅರ್ಥ ಪೂರ್ತಿಯಾಗುವುದಿಲ್ಲ.

ಇದನ್ನು ವಿಮರ್ಶಕರಿಗಿಂತ ಮೊದಲು ನಮ್ಮ ಕಾನೂನು ಅರಿತುಕೊಂಡಿತು ಎನ್ನಿಸುತ್ತದೆ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆ, ಪತ್ತೆ ಮಾಡುವುದರ ಜೊತೆಗೆ ಅದನ್ನು ಮಾತಿನಿಂದಲೋ ಸನ್ನೆಯಿಂದಲೋ ಬೇರಾವುದೇ ಬಗೆಯಲ್ಲೋ ತಿಳಿಸುವುದನ್ನೂ ನಿಷೇಧಿಸುತ್ತದೆ. ತಾಯಿ ನೋಡುತ್ತಿರುವ ಪರದೆ ತಾನಾಗಿ ಏನನ್ನೂ ಹೇಳದು, ಓದಿ ಹೇಳುವವರ ಒಂದು ಮಾತಿನಿಂದ ಹೆಣ್ಣುಮಗುವೊಂದು ಇಲ್ಲವಾಗಬಹುದು ಎಂಬ ತಿಳಿವಳಿಕೆ ಅದರಲ್ಲಿದೆ. ಸ್ಕ್ಯಾನಿಂಗ್ ಸೆಂಟರ್‌ಗಳ ಗೋಡೆಯ ಮೇಲಿನ ಕನ್ನಡ ಫಲಕ ಕಾವಲು ಕಾಯುತ್ತಿರುವುದು ಈ ಓದನ್ನೇ.

ಫೋಟೋ ಎಂಬ ರೂಪಕದಿಂದ ಆಗುವ ದಿನನಿತ್ಯದ ನಷ್ಟ ಬೇರೆ ತರಹದ್ದು. ರಿಪೋರ್ಟಿನಲ್ಲಿ 'ಇರಬಹುದು' ಎಂದಿದ್ದರೆ, ಉಳಿದ ಲಕ್ಷಣಗಳ ಜೊತೆ ತಾಳೆ ನೋಡಿ ಎಂದಿದ್ದರೆ, ಡಾಕ್ಟರು ಜಾರಿಕೊಳ್ಳುತ್ತಿದ್ದಾರೆಂದು ಮನೆಯವರು ಅನುಮಾನಿಸುತ್ತಾರೆ. ಫೋಟೋ ತೆಗೆದ ಮೇಲೂ 'ಇರಬಹುದು' ಏನು? ಆ ಕ್ರಿಯಾಪದ 1540ರ ಊಹೆಗೆ, ವಪೆಯ ಕನ್ನಡಿಯಾಟಕ್ಕೆ, ಸೊರಗಿದ ದನಿಗೆ ಸಲ್ಲಬೇಕಾದ ಲೆಕ್ಕ ಒಪ್ಪಿಸುತ್ತಿರುತ್ತದೆ. ಕನ್ನಡದ ವಿಜ್ಞಾನ ಬರಹ ಇಂಥ 'ಇರಬಹುದು'ಗಳನ್ನು ಓದುಗರಿಗೆ ವಿವರಿಸಿ ಹೇಳಿದರೆ ಸಾಕು, ಕಣ್ಣು ಕನ್ನಡಿಗಳ ಅಲಂಕಾರ ಬೇಕಾಗುವುದಿಲ್ಲ.