ಪರ್ಜ್ ಗುಂಡಿ ವೆಂಟಿಲೇಟರ್ ಅಲ್ಲ

ಪುಣೆಯ ಮಗರಪಟ್ಟಾದ ಐಟಿ ಕಚೇರಿಗಳಲ್ಲಿ ದುಡಿಯುವ ನಮ್ಮ ಹುಡುಗ ಹುಡುಗಿಯರಿಗೆ ಸ್ಕೂಬಾ ಈಗ ಅಪರೂಪದ ಸಾಹಸವೇನಲ್ಲ. ಶುಕ್ರವಾರ ರಾತ್ರಿ ಬಸ್ ಹತ್ತಿದರೆ ತಾರ್ಕರ್ಲಿ. ಇನ್ನೊಂದು ದಿನ ರಜೆ ಸಿಕ್ಕರೆ ಮುರುಡೇಶ್ವರ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪ. ಇವರ ಮಾತುಕತೆಯಲ್ಲಿ ಒಂದು ನಂಬಿಕೆ ಆಗಾಗ ಕಿವಿಗೆ ಬೀಳುತ್ತದೆ: ನೀರಿನಿಂದ ಎತ್ತಿದ ಡೈವರ್‌ಗೆ ಉಸಿರು ನಿಂತಿದ್ದರೆ ರೆಗ್ಯುಲೇಟರನ್ನು ಬಾಯಿಗಿಟ್ಟು ಪರ್ಜ್ ಗುಂಡಿ ಒತ್ತಿದರಾಯಿತು, ಸಿಲಿಂಡರೇ ಉಸಿರು ತುಂಬುತ್ತದೆ ಎಂದು. ಕೇಳಲು ಜಾಣ ಉಪಾಯದಂತಿದೆ. ನನ್ನ ದೃಷ್ಟಿಯಲ್ಲಿ ಇದು ಅಪಾಯಕಾರಿ.

1943ರಲ್ಲಿ ಫ್ರಾನ್ಸಿನ ಕುಸ್ಟೋ ಮತ್ತು ಗಾನ್ಯಾನ್ ರೂಪಿಸಿದ ರೆಗ್ಯುಲೇಟರ್ ಉಸಿರೆಳೆಯುವವನಿಗೆ ಗಾಳಿ ಕೊಡುವ ಯಂತ್ರ. ಒಳಗಿನ ತೆಳು ಪೊರೆ ಉಸಿರಿನ ಸೆಳೆತಕ್ಕೆ ಬಾಗಿದಾಗ ಮಾತ್ರ ವಾಲ್ವ್ ತೆರೆಯುತ್ತದೆ. ಪರ್ಜ್ ಗುಂಡಿ ಅದೇ ಪೊರೆಯನ್ನು ಬೆರಳಿನಿಂದ ಅದುಮುತ್ತದೆ. ರೆಗ್ಯುಲೇಟರಿನೊಳಗೆ ತುಂಬಿದ ನೀರನ್ನು ಹೊರದಬ್ಬುವುದೇ ಅದರ ಮುಖ್ಯ ಕೆಲಸ. ಒತ್ತಿ ನೋಡಿ, ಭರ್ರೆಂದು ಒಂದು ಸೆಕೆಂಡಿನಲ್ಲೇ ಲೀಟರುಗಟ್ಟಲೆ ಗಾಳಿ ನುಗ್ಗುತ್ತದೆ. ಪ್ರಜ್ಞೆಯಿಲ್ಲದವನಿಗೆ ಒಂದು ಸಲಕ್ಕೆ ಬೇಕಾದದ್ದು ಎದೆ ಮೆಲ್ಲಗೆ ಏರುವಷ್ಟು, ಅರ್ಧ ಲೀಟರಿನ ಆಸುಪಾಸು. ಕೆಳಗಿನ ನಿಶ್ವಾಸ ವಾಲ್ವಿನಿಂದ ಎಷ್ಟೋ ಗಾಳಿ ಸೋರಿಹೋಗುವುದರಿಂದ ಒಳಗೆ ಎಷ್ಟು ಹೋಯಿತೆಂದು ತಿಳಿಯುವುದೇ ಇಲ್ಲ. ಸೋರದಂತೆ ಕೈಯಿಂದ ಮುಚ್ಚಿದರಂತೂ ಒತ್ತಡಕ್ಕೆ ಲಗಾಮೇ ಇಲ್ಲ. ಗಾಳಿ ಹೊಟ್ಟೆಗೆ ನುಗ್ಗಿ ವಾಂತಿಯಾಗಿ ಅದು ಶ್ವಾಸನಾಳಕ್ಕಿಳಿಯಬಹುದು, ಶ್ವಾಸಕೋಶವೇ ಹರಿಯಬಹುದು. ಇದೇ ಕೆಲಸಕ್ಕೆಂದು ಮಾಡಿದ, ಗುಂಡಿ ಒತ್ತಿ ಉಸಿರು ಕೊಡುವ ವೈದ್ಯಕೀಯ ಸಾಧನಗಳಲ್ಲಿ ಹರಿವನ್ನು ನಿಮಿಷಕ್ಕೆ 40 ಲೀಟರಿಗೆ ಕಟ್ಟಿಹಾಕಿರುತ್ತಾರೆ, ಒತ್ತಡ ಮೀರಿದರೆ ತಾನೇ ತೆರೆದುಕೊಳ್ಳುವ ವಾಲ್ವ್ ಇರುತ್ತದೆ. ಸ್ಕೂಬಾ ರೆಗ್ಯುಲೇಟರಿನಲ್ಲಿ ಇವೆರಡೂ ಇಲ್ಲ. ಇಷ್ಟೆಲ್ಲ ಅಪಾಯ ಹೊತ್ತು ಸಿಗುವುದಾದರೂ ಶೇಕಡಾ 21 ಆಮ್ಲಜನಕದ ಮಾಮೂಲಿ ಗಾಳಿ.

ಉಸಿರಾಡುತ್ತಿರುವ ಡೈವರ್‌ನ ವಿಷಯ ಬೇರೆ. ಆಳದಲ್ಲಿ ದೇಹ ಹೀರಿಕೊಂಡ ಸಾರಜನಕ, ಬೇಗ ಮೇಲೆ ಬಂದಾಗ ರಕ್ತದಲ್ಲಿ ಗುಳ್ಳೆಯಾಗುತ್ತದೆ. ಶುದ್ಧ ಆಮ್ಲಜನಕ ಉಸಿರಾಡಿದರೆ ಆ ಸಾರಜನಕ ಬೇಗ ಹೊರಹೋಗುತ್ತದೆ. 1878ರಷ್ಟು ಹಿಂದೆಯೇ ಫ್ರೆಂಚ್ ವಿಜ್ಞಾನಿ ಪಾಲ್ ಬೆರ್ ಇದನ್ನು ಸೂಚಿಸಿದ್ದ. ಆಮ್ಲಜನಕಕ್ಕೆಂದೇ ಸ್ವಚ್ಛಗೊಳಿಸಿದ ಸಿಲಿಂಡರ್ ಮತ್ತು ರೆಗ್ಯುಲೇಟರ್ ದೋಣಿಯಲ್ಲಿದ್ದರೆ, ಪ್ರಜ್ಞೆಯಿರುವವನು ಅದರಿಂದ ತಾನೇ ಎಳೆದು ಉಸಿರಾಡುವುದು ಒಳ್ಳೆಯ ಕ್ರಮವೇ. ಈ ಮಟ್ಟಿಗೆ ಸ್ಕೂಬಾ ಸಲಕರಣೆಯ ಬಳಕೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಮಾಮೂಲಿ ರೆಗ್ಯುಲೇಟರನ್ನು ಅಡಾಪ್ಟರ್ ಹಾಕಿ ಆಸ್ಪತ್ರೆಯ ಸಿಲಿಂಡರಿಗೆ ಜೋಡಿಸುವ ಸಾಹಸ ಬೇಡ. ಒಳಗಿನ ಗ್ರೀಸ್ ಅಥವಾ ಎಣ್ಣೆಯ ಅಂಶ ಅಧಿಕ ಒತ್ತಡದ ಆಮ್ಲಜನಕದಲ್ಲಿ ಹೊತ್ತಿಕೊಳ್ಳಬಹುದು.

ಉಸಿರು ನಿಂತವನಿಗೆ ನೆರವಾಗುವುದು ತೀರ ಸರಳ ವಸ್ತು, ಪಾಕೆಟ್ ಮಾಸ್ಕ್. ತಲೆ ಹಿಂದೆ ಬಾಗಿಸಿ, ಗದ್ದ ಎತ್ತಿ, ಮಾಸ್ಕ್ ಬಿಗಿಯಾಗಿ ಹಿಡಿದು ಊದಿದರೆ ಎದೆ ಏರುವುದು ಕಣ್ಣಿಗೆ ಕಾಣುತ್ತದೆ, ಜೊತೆಗೆ ಎದೆಯೊತ್ತುವಿಕೆ. ನಾವು ಬಿಡುವ ಉಸಿರಿನಲ್ಲೂ ಶೇಕಡಾ 16 ಆಮ್ಲಜನಕವಿರುತ್ತದೆ. ಮಾಸ್ಕಿನ ಪಕ್ಕದ ತೂತಿಗೆ ನಿಮಿಷಕ್ಕೆ 15 ಲೀಟರ್ ಆಮ್ಲಜನಕದ ಕೊಳವೆ ಸಿಕ್ಕಿಸಿದರೆ ಅದು ಶೇಕಡಾ 50ರ ಹತ್ತಿರಕ್ಕೆ ಏರುತ್ತದೆ. ಕೋವಿಡ್ ಕಾಲದಲ್ಲಿ ಮನೆಮನೆಯೂ ಕಂಡ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಇರುತ್ತದೆ, ಅಂದರೆ ಈ ದರದಲ್ಲಿ 100 ನಿಮಿಷ. ನೇತ್ರಾಣಿಯಿಂದ ದಡ ಸುಮಾರು 10 ನಾಟಿಕಲ್ ಮೈಲಿ. ಅಷ್ಟು ದೂರಕ್ಕೆ ಸಾಕೇ, ಲೆಕ್ಕ ನೀವೇ ಹಾಕಿ.

ಪುಣೆಯವರಿಗೆ ಇನ್ನೊಂದು ಮಾತು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ. ಭಾನುವಾರ ಮಧ್ಯಾಹ್ನದವರೆಗೆ ಆಳಕ್ಕಿಳಿದು ಸಂಜೆಯೇ ಘಾಟಿ ಹತ್ತಿದರೆ, ಗಾಳಿಯ ಒತ್ತಡ ಇಳಿದು ಗುಳ್ಳೆಗಳು ಹಿಗ್ಗುತ್ತವೆ. ಸೋಮವಾರದ ಕೀಲುನೋವು, ಕೈಕಾಲಿನ ಜುಮ್ಮೆನ್ನುವಿಕೆಯನ್ನು ಬಸ್ಸಿನ ಆಯಾಸವೆಂದು ತಳ್ಳಿಹಾಕಬೇಡಿ. ಡೈವ್ ಮಾಡಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.

ಮುಂದಿನ ಸಲ ದೋಣಿ ಹತ್ತುವ ಮುನ್ನ ಫೋಟೊ ಪ್ಯಾಕೇಜಿನ ದರ ಕೇಳುವ ಮೊದಲು ಇದನ್ನು ಕೇಳಿ: ಆಮ್ಲಜನಕ ಎಲ್ಲಿದೆ, ಮಾಸ್ಕ್ ಎಲ್ಲಿದೆ, ಅವನ್ನು ಬಳಸಬಲ್ಲವರು ಇವತ್ತು ದೋಣಿಯಲ್ಲಿ ಯಾರಿದ್ದಾರೆ? ಸರಿಯಾದ ಉತ್ತರ ಬಾರದಿದ್ದರೆ ಹತ್ತಬೇಡಿ.